ಚೌತಿ ಹಕ್ಕಿಯ ಮೇಲೆ ಬಂದ ಅಪವಾದ

ಭಾದ್ರಪದದಲ್ಲಿ ಒಂದೆರಡು ಹದಮಳೆ ಬಿದ್ದುವೆಂದರೆ, ಕಾಲೇಜು ಮುಗಿಸಿಕೊಂಡು ಬಂದ ಮೇಲೆ ಮಂಡಿಕಲ್ಲಿನ ಸುತ್ತಣ ಕೆರೆಗಳ ಕಡೆಗೆ ನಡೆದುಹೋಗುವುದು ನನ್ನ ವಾಡಿಕೆ. ನಡೆಯಬೇಕೆಂದು ವೈದ್ಯರು ಹೇಳಿದ್ದುಂಟು. ಆದರೆ ನಿಜವಾದ ಕಾರಣ ಒಂದು ಹಕ್ಕಿ. ಗುಬ್ಬಿಗಿಂತ ತುಸು ಉದ್ದ, ಬೆನ್ನು ಬೂದಿಯ ಬಣ್ಣ, ಬಾಲದ ಬುಡದಲ್ಲಿ ನಿಂಬೆಹಣ್ಣಿನ ಹಳದಿ, ಮೈಗೆ ಮೀರಿದ ಬಾಲ. ನಿಂತಲ್ಲಿ ನಿಲ್ಲದು, ಅದು ನಿಂತರೂ ಬಾಲ ನಿಲ್ಲದು. ಪುಸ್ತಕದವರು ಇದನ್ನು ಬೂದು ಸಿಪಿಲೆ ಎನ್ನುತ್ತಾರೆ. ಬಾಲ ಕುಣಿಸುವ ಈ ಬಳಗಕ್ಕೆಲ್ಲ ಕುಂಡೆಕುಸ್ಕ ಎಂಬ ಹೆಸರೂ ಇದೆ. ಸಭೆಯಲ್ಲಿ ಹೇಳಲು ಸ್ವಲ್ಪ ಸಂಕೋಚವಾದೀತು; ಆದರೆ ಹಕ್ಕಿಯನ್ನು ಒಮ್ಮೆ ಕಂಡವರು ಆ ಹೆಸರಿಟ್ಟವನನ್ನು ಮೆಚ್ಚದೆ ಇರಲಾರರು. ಬೇಸಗೆಯಲ್ಲಿ ಇದು ನಮ್ಮ ಕಡೆ ಇರುವುದಿಲ್ಲ. ಭಾದ್ರಪದದ ಒಂದು ದಿನ ಕೆರೆಯ ಕೋಡಿಯ ಕಲ್ಲಿನ ಮೇಲೆ ಇದ್ದಕ್ಕಿದ್ದಂತೆ ಇರುತ್ತದೆ.

2025ರಲ್ಲಿ ನನಗೆ ಅದು ಕಂಡದ್ದು ಸೆಪ್ಟೆಂಬರ್ 9ರಂದು. ನಾನು ದಿನಾಂಕವನ್ನು ಬರೆದುಕೊಳ್ಳುತ್ತಿದ್ದಾಗ ಪಕ್ಕದ ತೋಟದ ಯಜಮಾನರು ಬಂದು ನಿಂತರು. ಹಕ್ಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಮೇಷ್ಟ್ರೇ, ಇವೇ ಅಲ್ವಾ ಕೋಳಿಗಳಿಗೆ ಕಾಯಿಲೆ ತಂದಿದ್ದು?”

ಅವರು ಸುಮ್ಮನೆ ಕೇಳಿದ್ದಲ್ಲ. ಅದೇ ವರ್ಷದ ಫೆಬ್ರುವರಿಯ ಕೊನೆಯಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳು ಸತ್ತು, ಅದು ಹಕ್ಕಿಜ್ವರವೆಂದು ಪರೀಕ್ಷೆಯಲ್ಲಿ ತಿಳಿದು, ಸುತ್ತಲ ಕೋಳಿಗಳನ್ನು ಕೊಂದು ಹೂಳಿದ್ದರು. ಯಜಮಾನರ ನೆಂಟರ ಮನೆಯ ನಾಟಿಕೋಳಿಗಳೂ ಆ ಗುಂಡಿಗೆ ಹೋಗಿದ್ದುವು. ನಾಟಿಕೋಳಿಯೆಂದರೆ ಹಳ್ಳಿಯ ಮನೆಯಲ್ಲಿ ಹೆಂಗಸರ ಕೈಗಂಟು. ಮಗುವಿಗೆ ಜ್ವರ ಬಂದರೆ, ಮಗಳು ತವರಿಗೆ ಬಂದರೆ ಒದಗುವ ಹಣ. ಆ ಗಂಟು ಒಂದೇ ಮಧ್ಯಾಹ್ನ ಮಣ್ಣಾದರೆ ಯಾರ ಮೇಲಾದರೂ ಸಿಟ್ಟು ಬರಲೇಬೇಕಲ್ಲ. ಕಣ್ಣ ಮುಂದೆ ಇದ್ದದ್ದು ಈ ಹಕ್ಕಿ. ಅದೂ ಎಲ್ಲಿಂದಲೋ ಬಂದ ಹಕ್ಕಿ.

ನಾನು ಕನ್ನಡ ಪಾಠ ಹೇಳುವವನು, ಪಕ್ಷಿಶಾಸ್ತ್ರ ನನ್ನದಲ್ಲ. “ಯೋಚಿಸಿ ಹೇಳ್ತೀನಿ, ಯಜಮಾನ್ರೇ” ಎಂದು ಮನೆಗೆ ಬಂದೆ. ಆದರೆ ಈ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲಲ್ಲ. ಹದಿನಾರು ವರ್ಷಗಳ ಹಿಂದೆ, ಇಲ್ಲಿಂದ ಬಹುದೂರದ ಕಡಲತಡಿಯಲ್ಲಿ, ಇದೇ ಹಕ್ಕಿಯ ಮುಂದೆ ನಿಂತು, ಒಬ್ಬ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಆ ದಿನಗಳ ಟಿಪ್ಪಣಿ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದೆ.

2009ರಿಂದ ಮೂರು ವರ್ಷ ನನಗೆ ಕುಮಟೆಯ ಕಡೆ ಕೆಲಸವಿತ್ತು. ಬಯಲುಸೀಮೆಯವನಾದ ನನಗೆ ಅಲ್ಲಿಯ ಮಳೆಯೇ ಒಂದು ಹೊಸ ಪಾಠ. ಎರಡು ತಿಂಗಳು ಕೊಡೆ ಮಡಿಸಿದ್ದು ನೆನಪಿಲ್ಲ. ಶ್ರಾವಣದ ಕೊನೆಗೆ ಮೋಡ ಹರಿದು ಒಂದಿಷ್ಟು ಬಿಸಿಲು ಕಂಡಾಗ ಮನೆಯಲ್ಲಿ ಕೂರಲಾಗದೆ ಅಘನಾಶಿನಿಯ ಅಳಿವೆಯ ಕಡೆ ಹೊರಟುಬಿಡುತ್ತಿದ್ದೆ. ದೊಡ್ಡ ಅಣೆಕಟ್ಟೊಂದನ್ನೂ ಕಾಣದೆ ಘಟ್ಟದಿಂದಿಳಿದು ಬರುವ ಆ ನದಿ ತದಡಿಯ ಬಳಿ ಕಡಲನ್ನು ಸೇರುವಾಗ ಅಗಲವಾಗಿ ಹರಡಿಕೊಳ್ಳುತ್ತದೆ. ಒಂದು ಕಡೆ ಕಗ್ಗ ಭತ್ತದ ಗಜನಿ ಗದ್ದೆಗಳು, ಇನ್ನೊಂದು ಕಡೆ ಸಾಣಿಕಟ್ಟೆಯ ಉಪ್ಪಿನ ಆಗರ. ಉಪ್ಪು ತೆಗೆಯುವ ಕೆಲಸವೆಲ್ಲ ಬೇಸಗೆಯದು; ಮಳೆಗಾಲದಲ್ಲಿ ಆಗರದ ಪಾತಿಗಳು ನೀರು ತುಂಬಿಕೊಂಡು ಸುಮ್ಮನೆ ಮಲಗಿರುತ್ತವೆ. ಕಡಲ ನೀರು ಇಳಿದಾಗ ಅಳಿವೆಯಲ್ಲಿ ಕಪ್ಪು ಕೆಸರಿನ ಬಯಲು ಏಳುತ್ತದೆ. ಹೆಂಗಸರು ಸೀರೆಯನ್ನು ಮೇಲಕ್ಕೆ ಕಟ್ಟಿ ಬಳಚು ಹೆಕ್ಕಲು ಇಳಿಯುತ್ತಾರೆ. ಅವರ ಜೊತೆಗೇ, ಅವರಿಂದ ಹತ್ತು ಮಾರು ದೂರದಲ್ಲಿ, ಹಕ್ಕಿಗಳೂ ಇಳಿಯುತ್ತವೆ.

ಆಗಸ್ಟ್ ತಿಂಗಳಿನಲ್ಲಿ ಮೊದಲು ಬರುವುವು ಕೆಸರುಹಕ್ಕಿಗಳು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಜಾತಿ ಮರಳಿನ ಬಣ್ಣದ್ದು. ನಾಲ್ಕು ಹೆಜ್ಜೆ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಮೊದಲ ವಾರಗಳಲ್ಲಿ ಬಂದವುಗಳ ಎದೆಯ ಮೇಲೆ ಇಟ್ಟಿಗೆಯ ಕೆಂಪು ಇನ್ನೂ ಉಳಿದಿರುತ್ತದೆ. ಅದು ಮರಿ ಮಾಡುವ ಕಾಲದ ಉಡುಗೆ. ದಾರಿಯುದ್ದಕ್ಕೂ ಸವೆದು, ನಮ್ಮ ತೀರಕ್ಕೆ ಬರುವ ಹೊತ್ತಿಗೆ ಮದುವೆಮನೆಯಿಂದ ಮರಳಿದವರ ಸೀರೆಯಂತೆ ಮಾಸಿರುತ್ತದೆ. ಕುಡುಗೋಲಿನಂತೆ ಕೊಕ್ಕು ಬಾಗಿದ ದೊಡ್ಡ ಹಕ್ಕಿಯೊಂದು ಒಬ್ಬಂಟಿಯಾಗಿ ಸಿಳ್ಳು ಹಾಕುತ್ತ ಹೋಗುತ್ತದೆ. ಕಡಲಕಾಗೆಗಳು ಆಗಿನ್ನೂ ಬಂದಿರುವುದಿಲ್ಲ. ಅವುಗಳ ದೊಡ್ಡ ದಂಡಿಗೆ ಅಕ್ಟೋಬರ್ ಕಳೆಯಬೇಕು. ನನಗೆ ಅತ್ಯಂತ ವಿಸ್ಮಯವಾದದ್ದು ಇದು: ಈ ಕೆಸರುಹಕ್ಕಿಗಳ ಹಲವು ಜಾತಿಗಳಲ್ಲಿ ಹಿರಿಯವು ಮೊದಲು ಹೊರಟುಬರುತ್ತವೆ. ಆ ವರ್ಷ ಹುಟ್ಟಿದ ಮರಿಗಳು ವಾರಗಳ ಅನಂತರ, ದಾರಿ ತೋರುವವರಿಲ್ಲದೆ, ತಾವು ಎಂದೂ ಕಾಣದ ತೀರಕ್ಕೆ ಸಾವಿರಾರು ಮೈಲಿ ಹಾರಿ ಬರುತ್ತವೆ. ನಮ್ಮ ಮಕ್ಕಳನ್ನು ಪಕ್ಕದ ಊರಿನ ಪರೀಕ್ಷೆಗೆ ಒಬ್ಬರನ್ನೇ ಕಳಿಸಲು ಎಷ್ಟು ಅಂಜುತ್ತೇವೆ!

ಸಿಪಿಲೆ ಬರುವುದು ಇವಕ್ಕಿಂತ ಸ್ವಲ್ಪ ತಡವಾಗಿ. ನಾನು ಬಾಡಿಗೆಗಿದ್ದ ಮನೆಯ ಹಿಂದೆ ಅಡಕೆ ತೋಟ, ತೋಟದ ಅಂಚಿಗೆ ಒಂದು ಹಳ್ಳ. ಮನೆಯ ಒಡತಿ ಎಪ್ಪತ್ತರ ಹತ್ತಿರದ ಅಜ್ಜಿ. 2009ರ ಸೆಪ್ಟೆಂಬರ್ 2ರಂದು ಹಳ್ಳದ ಬಂಡೆಯ ಮೇಲೆ ಈ ಹಕ್ಕಿಯನ್ನು ಕಂಡು ನಾನು ಹೆಸರು ಕೇಳಿದಾಗ ಆಕೆ, “ಅದು ಚೌತಿ ಹಕ್ಕಿ, ಮಾಸ್ತರೆ” ಎಂದರು. ಅದು ಊರಿನವರ ಹೆಸರಲ್ಲ, ಆಕೆಯೇ ಇಟ್ಟ ಹೆಸರೆಂದು ಆಮೇಲೆ ತಿಳಿಯಿತು. ಗಣಪತಿ ಬಂದ ಹೊತ್ತಿಗೆ ಹಕ್ಕಿಯೂ ಬರುತ್ತದೆಂದು ಅವರ ಲೆಕ್ಕ. ಆ ವರ್ಷ ಚೌತಿ ಆಗಸ್ಟ್ 23ರಂದೇ ಆಗಿಹೋಗಿತ್ತು. ಹಕ್ಕಿ ಹತ್ತು ದಿನ ತಡ. ಮರುವರ್ಷ ಸೆಪ್ಟೆಂಬರ್ 5ರಂದು ಹಕ್ಕಿ ಬಂತು. ಚೌತಿಗೆ ಇನ್ನೂ ಆರು ದಿನವಿತ್ತು. 2011ರಲ್ಲಿ ಚೌತಿ ಸೆಪ್ಟೆಂಬರ್ 1ಕ್ಕೆ, ಹಕ್ಕಿ 3ಕ್ಕೆ. ನಾನು ಲೆಕ್ಕ ತೋರಿಸಿ, ಹಕ್ಕಿ ಸೂರ್ಯನ ಪಂಚಾಂಗದಂತೆ ನಡೆಯುತ್ತದೆ, ಹಬ್ಬ ಚಂದ್ರನ ಪಂಚಾಂಗದಂತೆ ಬರುತ್ತದೆ, 2010ರಲ್ಲಿ ಅಧಿಕಮಾಸ ಬಿದ್ದದ್ದರಿಂದ ಹಬ್ಬ ಮುಂದಕ್ಕೆ ಹೋಯಿತು ಎಂದು ಮೇಷ್ಟರ ಗತ್ತಿನಿಂದ ವಿವರಿಸಿದೆ. ಅಜ್ಜಿ ನಕ್ಕರು: “ಚೌತಿಯೇ ತಡ ಮಾಡಿದ್ರೆ ಹಕ್ಕಿ ಏನ್ಮಾಡ್ತದೆ, ಮಾಸ್ತರೆ?”

ಹೀಗೆ ಮೊದಲು ಕಂಡ ದಿನವನ್ನು ಬರೆದಿಡುವ ಚಟ ನನಗೆ ಹತ್ತಿಸಿದವರು ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು 2007ರಲ್ಲಿ ಮೈಗ್ರೆಂಟ್ ವಾಚ್ ಎಂಬ ಯೋಜನೆಯನ್ನು ತೊಡಗಿ, ದೇಶದ ಯಾವ ಊರಿನಲ್ಲಿ ಯಾವ ವಲಸೆ ಹಕ್ಕಿ ಮೊದಲು ಎಂದು ಕಂಡಿತೆಂಬುದನ್ನು ನಮ್ಮಂಥ ಸಾಮಾನ್ಯರಿಂದ ಕೇಳಿ ಕೂಡಿಸುತ್ತಿದ್ದರು. ಒಂದು ಹಕ್ಕಿ, ಒಂದು ದಿನ, ಒಂದು ಊರು — ಇಷ್ಟೇ. ಇಂಥ ಸಾಲುಗಳು ಸಾವಿರಗಟ್ಟಲೆ ಸೇರಿದರೆ ಹಕ್ಕಿಗಳ ನಡೆ ಭೂಪಟದ ಮೇಲೆ ಮೂಡುತ್ತದೆ.

ಹಕ್ಕಿಗಳು ಬರುತ್ತವೆ, ಹೋಗುತ್ತವೆ ಎಂಬ ತಿಳಿವು ನಮ್ಮಲ್ಲಿ ಹಳೆಯದೇ. ಮಳೆಗಾಲ ಬಂದಾಗ ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆ, ಶರತ್ಕಾಲದಲ್ಲಿ ಮರಳುತ್ತವೆ ಎಂಬುದು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಬೇರೂರಿದ ಕವಿಸಮಯ. ಅವು ಕ್ರೌಂಚಗಿರಿಯ ರಂಧ್ರದ ಮೂಲಕ ದಾಟುತ್ತವೆಂದೂ ಹೇಳುತ್ತಾರೆ. ತರಗತಿಯಲ್ಲಿ ಇದನ್ನು ನಾವು ಬರಿಯ ಕಲ್ಪನೆಯ ಪಟ್ಟಿಗೆ ಸೇರಿಸಿ ಮುಗಿಸುತ್ತೇವೆ. ಹಂಸ ಹಾಲುನೀರನ್ನು ಬೇರ್ಪಡಿಸುವುದು ಕಲ್ಪನೆಯೇ ಇರಬಹುದು. ಆದರೆ ಪ್ರಯಾಣದ ಮಾತಿನಲ್ಲಿ ಕವಿಗಳು ಋತುವನ್ನೂ ದಿಕ್ಕನ್ನೂ ತಪ್ಪಿಲ್ಲ. ಟಿಬೆಟ್ಟಿನ ಸರೋವರಗಳಲ್ಲಿಯೂ ಮಂಗೋಲಿಯದಲ್ಲಿಯೂ ಮರಿ ಮಾಡುವ ಪಟ್ಟೆತಲೆಯ ಹೆಬ್ಬಾತು ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದನ್ನು ಇಂದು ಯಾರೂ ಹೋಗಿ ನೋಡಬಹುದು. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ್ದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದೂ ಉಂಟು. ಯುರೋಪಿನಲ್ಲಿ ಅರಿಸ್ಟಾಟಲನಂಥ ಮೇಧಾವಿಯೇ ಕೆಲವು ಹಕ್ಕಿಗಳು ಚಳಿಗಾಲದಲ್ಲಿ ಪೊಟರೆಗಳಲ್ಲಿ ಅಡಗಿ ಮಲಗುತ್ತವೆಂದು ನಂಬಿದ್ದನೆಂಬುದನ್ನು ನೆನೆದರೆ, ನಮ್ಮ ಕವಿಗಳ ಬಗ್ಗೆ ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ.

ಕನ್ನಡ ಕರಾವಳಿಯ ಹಕ್ಕಿಗಳನ್ನು ಬರೆದಿಟ್ಟವರು ಮಾತ್ರ ಪರದೇಶದ ಅಧಿಕಾರಿಗಳು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದ ಹ್ಯೂಮ್ ಅವರು ಲಕ್ಷದ್ವೀಪ ಹಾಗೂ ಪಶ್ಚಿಮ ಕರಾವಳಿಯ ಹಕ್ಕಿಗಳ ಮೇಲೆ ತಮ್ಮ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ 1876ರಲ್ಲಿ ಬರೆದರು. ಅವರದು ಹಡಗಿನ ಮೇಲಿನ ನೋಟ. ನೆಲದ ಮೇಲೆ ನಿಂತು ಬರೆದವರು ಉತ್ತರ ಕನ್ನಡದ ಕಲೆಕ್ಟರಾಗಿದ್ದ ಜೆ. ಡೇವಿಡ್‌ಸನ್. ‘ಉತ್ತರ ಕನ್ನಡದ ಹಕ್ಕಿಗಳು’ ಎಂಬ ಅವರ ಲೇಖನ 1898ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಸುಂಕ ಮತ್ತು ಉಪ್ಪಿನ ಇಲಾಖೆಯ ಏಟ್‌ಕೆನ್, ಕಾಡಿನ ಇಲಾಖೆಯ ಬೆಲ್ — ಈ ಇಬ್ಬರೂ ಅವರ ಗೆಳೆಯರು. ಮೂವರೂ ಸೇರಿ ಆ ಜಿಲ್ಲೆಯ ಚಿಟ್ಟೆಗಳ ಮೇಲೂ ಬರೆದರು. ಏಟ್‌ಕೆನ್ 1883ರಲ್ಲಿ ಆ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. ಉಪ್ಪಿನ ಆಗರಕ್ಕೆ ಕಾವಲಿನವನು ಬರುವುದು ಕಳ್ಳರಿಗಾಗಿ. ಆದರೆ ಅಲ್ಲಿ ಕೆಸರುಹಕ್ಕಿಗಳಿದ್ದರೆ ಕಣ್ಣು ಅತ್ತ ಹೋಗದೆ ಇದ್ದೀತೆ? ಅಂದಿನ ಪಕ್ಷಿಶಾಸ್ತ್ರಕ್ಕೆ ಬಂದೂಕೇ ಲೇಖನಿ ಎಂಬುದನ್ನು ಮರೆಯಬಾರದು. ಹಕ್ಕಿಯ ಹೆಸರು ಖಚಿತವಾಗಬೇಕಾದರೆ ಹಕ್ಕಿ ಕೆಳಗೆ ಬೀಳಬೇಕಾಗಿತ್ತು.

ಇನ್ನೊಂದು ತೊಡಕು ರಾಜಕೀಯದ್ದು. 1862ರಿಂದ ಉತ್ತರ ಕನ್ನಡ ಮುಂಬಯಿ ಆಧಿಪತ್ಯದಲ್ಲಿ, ದಕ್ಷಿಣ ಕನ್ನಡ ಮದರಾಸಿನಲ್ಲಿ, ಘಟ್ಟದ ಮೇಲಿನ ಶಿವಮೊಗ್ಗ ಮೈಸೂರಿನಲ್ಲಿ. ಆದ್ದರಿಂದ ಸಾಲಿಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಅದರಲ್ಲಿ ಕಡಲೇ ಇರಲಿಲ್ಲ. ಆ ಸಮೀಕ್ಷೆಯ ದಿನಗಳಲ್ಲಿಯೇ, 1940ರಲ್ಲಿ, ಅವರ ಸೂಚನೆಯಂತೆ ರಂಗನತಿಟ್ಟು ಪಕ್ಷಿಧಾಮವಾದದ್ದು ಎಲ್ಲರೂ ಬಲ್ಲ ಸಂಗತಿ. ಬೆಳಗ್ಗೆ ಸೊರಬದ ಕಾಡಿನಲ್ಲಿದ್ದು ಸಂಜೆಗೆ ಕುಮಟೆಯ ಹಳ್ಳಕ್ಕೆ ಇಳಿಯಬಲ್ಲ ಹಕ್ಕಿಗೆ ಎರಡು ಸರ್ಕಾರಗಳ ಎರಡು ಪುಸ್ತಕಗಳಲ್ಲಿ ಎರಡು ದಾಖಲೆ! 1956ರ ನವೆಂಬರ್ 1ರಂದು ಈ ಗೆರೆಗಳು ಅಳಿಸಿದುವು. ಅದಾದ ನಾಲ್ಕೇ ತಿಂಗಳಿಗೆ ಆ ಕಾಡಿನಿಂದ ಕೆಟ್ಟ ಸುದ್ದಿ ಬಂತು.

ಅಜ್ಜಿಯ ತವರು ಸೊರಬ ತಾಲ್ಲೂಕಿನಲ್ಲಿ. ಒಂದು ಸಂಜೆ ಜಗಲಿಯಲ್ಲಿ ಕುಳಿತಾಗ ಆಕೆ ತಾವಾಗಿಯೇ ಹೇಳಿದರು. ಆಗ ಆಕೆ ಹದಿನೈದು ಹ೦ದಿನಾರರ ಹುಡುಗಿ. ಕಾಡಿನಲ್ಲಿ ಮಂಗಗಳು ಮರದಿಂದ ಉದುರಿ ಸಾಯುತ್ತಿವೆ ಎಂದು ದನ ಕಾಯುವವರು ಬಂದು ಹೇಳುತ್ತಿದ್ದರು. ಆಮೇಲೆ ಮನುಷ್ಯರಿಗೆ ಜ್ವರ. ಸೌದೆಗೆಂದು ಕಾಡಿಗೆ ಹೋಗಿ ಬಂದ ಅವರ ಅಣ್ಣ ತಲೆನೋವೆಂದು ಮಲಗಿದವನು ಏಳಲಿಲ್ಲ. “ಅಣ್ಣ ಹೋದ ಮೇಲೆ ಪೂನಾದವ್ರು ಬಂದ್ರು. ನಮ್ಮೆಲ್ಲರ ರಕ್ತ ತಗಂಡ್ರು. ಮಂಗನ ಹೆಣ ತಗಂಡ್ರು. ಉಣುಗು ಹೆಕ್ಕಿ ಹೆಕ್ಕಿ ಸೀಸೆಗೆ ಹಾಕ್ಕಂಡ್ರು. ಕಡೆಗೆ ಯಾರೋ ಅಂದ್ರು, ಇದು ದೂರ ದೇಶದ ಹಕ್ಕಿ ತಂದ ಕಾಯಿಲೆ ಅಂತ.”

ಆ ಕಾಡಿನ ಹೆಸರು ಕ್ಯಾಸನೂರು. 1957ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿ ಮುಸುವಗಳೂ ಮಂಗಗಳೂ ಸಾಯುವ ವರದಿ ಬಂದಾಗ ವೈದ್ಯರು ನಡುಗಿದ್ದಕ್ಕೆ ಕಾರಣವಿತ್ತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಹಳದಿ ಜ್ವರವೆಂಬ ಮಾರಿ ಉಂಟು. ಏಷ್ಯದಲ್ಲಿ ಅದು ಎಂದೂ ನೆಲೆಸಿಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ಬರುವ ಮುನ್ಸೂಚನೆ ಮಂಗಗಳ ಸಾವೇ. ಅದೇನಾದರೂ ಭಾರತಕ್ಕೆ ಕಾಲಿಟ್ಟಿತೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಪುಣೆಯಲ್ಲಿ ತೆರೆದಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದರು. ಮೈಸೂರು ಸರ್ಕಾರದ ಆರೋಗ್ಯ ಇಲಾಖೆಯ ವೈದ್ಯರು ಜೊತೆಗೂಡಿದರು. ಪರೀಕ್ಷೆಯಲ್ಲಿ ಅದು ಹಳದಿ ಜ್ವರವಲ್ಲವೆಂದು ತಿಳಿಯಿತು. ಆದರೆ ತಿಳಿದದ್ದು ಅದಕ್ಕಿಂತಲೂ ವಿಚಿತ್ರವಾಗಿತ್ತು. ಸೊರಬದ ಮಂಗನಲ್ಲಿ ದೊರೆತ ವೈರಸ್ಸು ಸೈಬೀರಿಯದ ಕಾಡುಗಳಲ್ಲಿ ಉಣ್ಣಿಗಳ ಮೂಲಕ ಹರಡುವ ಒಂದು ಮಿದುಳುಜ್ವರದ ವೈರಸ್ಸಿನ ಬಳಗದ್ದು! ಇಲ್ಲಿಯೂ ಅದನ್ನು ಹರಡುತ್ತಿದ್ದದ್ದು ಉಣ್ಣಿಯೇ, ಮಲೆನಾಡಿಗರು ಹೇಳುವ ಉಣುಗು. ಕಾಡಿನ ಹೆಸರೇ ರೋಗದ ಹೆಸರಾಗಿ ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿತು. ನಮ್ಮವರು ಅದನ್ನು ಮಂಗನ ಕಾಯಿಲೆ ಎಂದರು.

ಹಾಗಾದರೆ ಸೈಬೀರಿಯಕ್ಕೂ ಸೊರಬಕ್ಕೂ ನಡುವೆ ಓಡಾಡುವವರು ಯಾರು? ರೈಲಿಲ್ಲ, ಹಡಗಿಲ್ಲ, ವ್ಯಾಪಾರವಿಲ್ಲ. ಪ್ರತಿ ಶರತ್ಕಾಲದಲ್ಲಿಯೂ ತಪ್ಪದೆ ಬರುವ ಒಂದೇ ಒಂದು ಜನ ಹಕ್ಕಿಗಳು. ಅವುಗಳ ಮೈಮೇಲೆ ಉಣ್ಣಿ ಇರಲಾರದೆ? ತರ್ಕ ಚೆನ್ನಾಗಿಯೇ ಇತ್ತು. ಅದರಲ್ಲೂ ನಮ್ಮ ಸಿಪಿಲೆಯಂಥದು ಸೈಬೀರಿಯದಲ್ಲಿಯೂ ಮರಿ ಮಾಡುತ್ತದೆ, ಚಳಿಗಾಲಕ್ಕೆ ಮಲೆನಾಡಿನ ಕಾಡುಹಳ್ಳಗಳಿಗೂ ಬರುತ್ತದೆ. ಇದಕ್ಕಿಂತ ಒಳ್ಳೆಯ ಆರೋಪಿ ಎಲ್ಲಿ ಸಿಕ್ಕೀತು? ರೋಗದ ಕಾಲವೂ ಹಕ್ಕಿಗಳು ಇಲ್ಲಿರುವ ಕಾಲವೂ ಬಹುಮಟ್ಟಿಗೆ ಒಂದೇ. ಮಳೆ ಹಿಡಿದರೆ ಜ್ವರ ನಿಲ್ಲುತ್ತದೆ. ಅಷ್ಟರಲ್ಲಿ ಹಕ್ಕಿಗಳೂ ಹೋಗಿರುತ್ತವೆ.

ಆರೋಪವನ್ನು ಪರೀಕ್ಷಿಸಬೇಕಾದರೆ ಹಕ್ಕಿಯನ್ನು ಹಿಡಿಯಬೇಕು, ಗುರುತು ಹಾಕಿ ಬಿಡಬೇಕು, ಮೈಮೇಲಿನ ಉಣ್ಣಿಯನ್ನು ಹೆಕ್ಕಬೇಕು, ರಕ್ತದ ಹನಿ ತೆಗೆಯಬೇಕು. ಕಾಲಿಗೆ ಉಂಗುರ ತೊಡಿಸುವ ಉಪಾಯವನ್ನು ವ್ಯವಸ್ಥಿತವಾಗಿ ತೊಡಗಿದವನು ಡೆನ್ಮಾರ್ಕಿನ ಮಾರ್ಟೆನ್‌ಸನ್ ಎಂಬ ಶಾಲಾ ಉಪಾಧ್ಯಾಯ, 1899ರಲ್ಲಿ. (ಉಪಾಧ್ಯಾಯರು ಪಾಠ ಬಿಟ್ಟು ಹಕ್ಕಿ ನೋಡುತ್ತಾರೆಂದು ಆಡಿಕೊಳ್ಳುವವರು ಇದನ್ನು ಗಮನಿಸಬೇಕು.) ಭಾರತದಲ್ಲಿ 1920ರ ದಶಕದ ಕೊನೆಯ ವರ್ಷಗಳಲ್ಲಿ ಧಾರ್ ಸಂಸ್ಥಾನದ ಅರಸರ ನೆರವಿನಿಂದ ಕಾಡುಬಾತುಗಳಿಗೆ ಉಂಗುರ ತೊಡಿಸಿದ್ದುಂಟು. ಆದರೆ ದೊಡ್ಡ ಪ್ರಮಾಣದ ಕೆಲಸಕ್ಕೆ ಹಣವಿರಲಿಲ್ಲ. ಮಂಗನ ಕಾಯಿಲೆಯ ಭಯ ಆ ಹಣವನ್ನು ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಧನಸಹಾಯದಿಂದ ಮುಂಬಯಿಯ ಸೊಸೈಟಿ ಸಾಲಿಂ ಅಲಿಯವರ ನೇತೃತ್ವದಲ್ಲಿ 1959ರಲ್ಲಿ ವಲಸೆಯ ಅಧ್ಯಯನವನ್ನು ಆರಂಭಿಸಿತು. ಕಚ್ಛ್, ಭರತಪುರ, ಮುಂದೆ ತಮಿಳುನಾಡಿನ ಕೋಡಿಕ್ಕರೆ — ಇಲ್ಲೆಲ್ಲ ಶಿಬಿರಗಳು ನಡೆದುವು. ಕಣ್ಣಿಗೆ ಕಾಣದಷ್ಟು ಸಣ್ಣೆಳೆಯ ಬಲೆಗಳು ಬಂದುವು. ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕುತ್ತಿದ್ದ ಬಿಹಾರದ ಮೀರ್‌ಶಿಕಾರರು ತಮ್ಮ ವಿದ್ಯೆಯನ್ನು ವಿಜ್ಞಾನಿಗಳಿಗೆ ಕಲಿಸಿದರು. ನಮ್ಮ ನಾಡಿನ ಹಕ್ಕಿಪಿಕ್ಕಿಗಳಿಗೂ ಇಂಥ ಒಂದು ಗೌರವ ದೊರೆತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ. ಒಂದೊಂದು ಉಂಗುರದ ಮೇಲೂ ಒಂದು ಸಂಖ್ಯೆ, ಮುಂಬಯಿಯ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ. ಸೋವಿಯತ್ ದೇಶದ ಬೇಟೆಗಾರರ ಕೈಗೆ ಸಿಕ್ಕ ಉಂಗುರಗಳ ವಾರ್ತೆ ಸೈಬೀರಿಯ, ಕಜಕಸ್ಥಾನಗಳಿಂದ ಮುಂಬಯಿಗೆ ಬರತೊಡಗಿತು. ಕವಿಗಳು ಹೇಳಿದ್ದ ದಿಕ್ಕಿಗೆ ವಿಳಾಸ ದೊರೆಯಿತು.

ಆರೋಪದ ಗತಿ? ವರ್ಷಗಟ್ಟಲೆ ಹುಡುಕಿದರೂ ಹಕ್ಕಿಗಳು ಈ ರೋಗವನ್ನು ಸೈಬೀರಿಯದಿಂದ ಸೊರಬಕ್ಕೆ ತಂದುವೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಒಂದು ತೊಡಕು ಉಣ್ಣಿಯ ಸ್ವಭಾವದಲ್ಲಿಯೇ ಇದೆ. ಮರಿ ಉಣ್ಣಿ ಕೆಲವು ದಿನ ರಕ್ತ ಹೀರಿ ಹೊಟ್ಟೆ ತುಂಬಿದೊಡನೆ ಉದುರಿಬಿಡುತ್ತದೆ. ಹಕ್ಕಿಯ ಪ್ರಯಾಣವಾದರೋ ಅಲ್ಲಲ್ಲಿ ತಂಗುತ್ತ ವಾರಗಟ್ಟಲೆ ನಡೆಯುವಂಥದು. ಇತ್ತ ಸಾಗರ, ಸೊರಬಗಳ ಕಾಡಿನಲ್ಲಿಯೇ ಕೆಲಸ ಮಾಡಿದ ಬೋಶೆಲ್, ರಾಜಗೋಪಾಲನ್ ಮೊದಲಾದವರ ದೃಷ್ಟಿ ಆಕಾಶದಿಂದ ನೆಲಕ್ಕಿಳಿಯಿತು. ಬೋಶೆಲ್ 1969ರಲ್ಲಿ ಮಂಡಿಸಿದ ವಿಚಾರ ಸರಳವಾದದ್ದು. ವೈರಸ್ಸು ಬಹುಶಃ ಕಾಡಿನಲ್ಲಿ ಸದ್ದಿಲ್ಲದೆ ಬಹುಕಾಲದಿಂದ ಇದ್ದಿರಬೇಕು. ಜನ ಹೆಚ್ಚಿದರು, ಕಾಡನ್ನು ತುಂಡುತುಂಡಾಗಿ ಕಡಿದು ಗದ್ದೆ ಮಾಡಿದರು, ಉಳಿದ ಕಾಡಿನೊಳಕ್ಕೆ ದನಗಳನ್ನು ಮೇಯಲು ಬಿಟ್ಟರು. ಬಲಿತ ಉಣ್ಣಿಗೆ ಬೇಕಾದ ದೊಡ್ಡ ಪ್ರಾಣಿ ದನದ ರೂಪದಲ್ಲಿ ಬೇಕಾದಷ್ಟು ದೊರೆಯಿತು. ಉಣ್ಣಿಯ ಸಂತಾನ ಹೇರಳವಾಯಿತು. ಮಂಗನೂ ಮನುಷ್ಯನೂ ಅದರ ದಾರಿಯಲ್ಲಿ ಸಿಕ್ಕಿಕೊಂಡರು. 1982–83ರಲ್ಲಿ ಇದೇ ರೋಗ ಘಟ್ಟದ ಕೆಳಗಿನ ಬೆಳ್ತಂಗಡಿ ತಾಲ್ಲೂಕಿನಲ್ಲಿ ಭೀಕರವಾಗಿ ಕಾಣಿಸಿಕೊಂಡಿತು. ಗೇರುತೋಪಿಗಾಗಿ ಅಲ್ಲಿ ಕಾಡನ್ನು ಸವರಿದ್ದೇ ಅದಕ್ಕೆ ಮುನ್ನುಡಿಯೆಂದು ಬಲ್ಲವರು ಹೇಳಿದರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸಾವುಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಚರ್ಚೆ ಪೂರ್ತಿ ಮುಗಿಯಿತೆಂದು ನಾನು ಹೇಳುವುದಿಲ್ಲ. 1995ರಲ್ಲಿ ಸೌದಿ ಅರೇಬಿಯದಲ್ಲಿ ಈ ವೈರಸ್ಸಿನ ತೀರ ಹತ್ತಿರದ ಬಂಧುವೊಂದು ದೊರೆತ ಮೇಲೆ, ಅಲ್ಲಿಗೂ ಇಲ್ಲಿಗೂ ನಂಟು ಹೇಗೆ ಬಂತೆಂಬ ಪ್ರಶ್ನೆ ಮತ್ತೆ ಎದ್ದಿದೆ. ಹಕ್ಕಿಗಳ ಹೆಸರೂ ಮತ್ತೆ ಕೇಳಿಬಂದಿದೆ. ಶಂಕೆ ಮಾಡುವುದು ವಿಜ್ಞಾನದ ಧರ್ಮ. ಆದರೆ ಶಂಕೆಯೇ ತೀರ್ಪಾಗಿ ಹಳ್ಳಿಯ ಜಗಲಿಗೆ ಬಂದು ಅರ್ಧ ಶತಮಾನ ಅಲ್ಲೇ ಕುಳಿತುಬಿಡುವುದಿದೆಯಲ್ಲ, ಅದರ ಲೆಕ್ಕವನ್ನು ಯಾವ ವರದಿಯೂ ಇಡುವುದಿಲ್ಲ.

ಈ ಹಕ್ಕಿಗಳಿಗೆ ಇನ್ನೊಂದು ಅಪವಾದವೂ ಕಾದಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಉಂಗುರದ ಕೆಲಸಕ್ಕೆ ಅಮೆರಿಕದ ಸೇನೆಯ ಸಂಶೋಧನ ವಿಭಾಗದ ಹಣವೂ ಒದಗಿತು. ಸೇನೆಗೆ ಹಕ್ಕಿಗಳ ಮೇಲೇಕೆ ಪ್ರೀತಿ? ರೋಗಾಣುಗಳನ್ನು ಹಕ್ಕಿಗಳ ಮೂಲಕ ಶತ್ರುದೇಶಕ್ಕೆ ಹರಡುವ ಹಂಚಿಕೆ ಇರಬಹುದೆಂದು 1970ರ ದಶಕದ ನಡುವೆ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶೀ ನೆರವಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 1975ರಲ್ಲಿ ಖಾರವಾದ ವರದಿ ಕೊಟ್ಟಿತು. ಸಾಲಿಂ ಅಲಿಯವರಿಗೆ ಇದರಿಂದ ಬಹಳ ನೋವಾಯಿತು. ಹಣದ ಮೂಲವನ್ನು ಪ್ರಶ್ನಿಸಿದ್ದು ತಪ್ಪೆಂದು ನನಗೆ ತೋರುವುದಿಲ್ಲ; ಸ್ವತಂತ್ರ ದೇಶ ಪ್ರಶ್ನಿಸಲೇಬೇಕು. ಆದರೆ ಮೊದಲು ರೋಗ ತಂದ ಹಕ್ಕಿ, ಆಮೇಲೆ ಗೂಢಚಾರ ಹಕ್ಕಿ! ಹತ್ತಿಪ್ಪತ್ತು ಗ್ರಾಂ ತೂಗುವ ಜೀವದ ಮೇಲೆ ಎಷ್ಟು ಭಾರ!

ಅಜ್ಜಿಯ ಮಾತಿಗೆ ಮರಳುತ್ತೇನೆ. ಮದುವೆಯಾಗಿ ಘಟ್ಟವಿಳಿದು ಕುಮಟೆಯ ಕಡೆ ಬಂದ ಮೊದಲ ವರ್ಷವೇ ಹಳ್ಳದ ಬಂಡೆಯ ಮೇಲೆ ಈ ಹಕ್ಕಿಯನ್ನು ಕಂಡರಂತೆ. ಅಣ್ಣನನ್ನು ಕೊಂದ ಹಕ್ಕಿ ಇದೇ ಎಂದು ಮನಸ್ಸಿನಲ್ಲಿ ಕಚ್ಚಿಕೊಂಡಿತು. “ಕಲ್ಲು ತಗಂಡು ಓಡಿಸ್ತಿದ್ದೆ, ಮಾಸ್ತರೆ. ಮಕ್ಕಳು ಆ ಬದಿ ಹೋಗ್ಬಾರ್ದು ಅಂತ ಹೆದರಿಸ್ತಿದ್ದೆ. ಎಷ್ಟು ವರ್ಷ ಓಡಿಸಿದ್ರೂ ಚೌತಿಗೆ ಮತ್ತೆ ಅದೇ ಬಂಡೆಗೆ ಬರ್ತದೆ. ಒಂದು ವರ್ಷ ಬರೋದು ತಡ ಆಯ್ತು. ಕಾಯ್ತಾ ಕೂತೆ. ಆವತ್ತಿಂದ ಕಲ್ಲು ತಗಳ್ಲಿಲ್ಲ.” ಪೂನಾದವರು ಕಡೆಗೆ ಏನು ಕಂಡುಹಿಡಿದರೆಂದು ಆಕೆಗೆ ಯಾರೂ ಬಂದು ಹೇಳಿರಲಿಲ್ಲ. ಸಹೋದ್ಯೋಗಿಯಿಂದ ಪುಸ್ತಕ ತಂದು ಓದಿ ನಾನೇ ಹೇಳಿದೆ. ದನ, ಉಣುಗು, ಕಡಿದ ಕಾಡು ಎಂದೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. “ಆ ಕಾಡು ಕಡಿದು ಗದ್ದೆ ಮಾಡಿದ್ದು ನಮ್ಮಪ್ಪನೇ” ಎಂದರು. ನಾನು ಹೇಳಬಾರದಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಇಷ್ಟನ್ನೂ ಮಂಡಿಕಲ್ಲಿನ ಯಜಮಾನರಿಗೆ ಮರುದಿನ ಸಂಜೆ ಕೆರೆಯ ಏರಿಯ ಮೇಲೆ ಕುಳಿತು ಹೇಳಿದೆ. ಮುಗಿಯುವ ಹೊತ್ತಿಗೆ ಕತ್ತಲಾಗುತ್ತ ಬಂದಿತ್ತು.

“ಹಂಗಾದ್ರೆ ಕೋಳಿ ಕಾಯಿಲೆ ಇವು ತಂದಿಲ್ಲ ಅಂತೀರಾ?”

ಹಾಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಕ್ಕಿಜ್ವರದ ಮಾತು ಮಂಗನ ಕಾಯಿಲೆಯಂತಲ್ಲ. ಕಾಡುಬಾತು ಮೊದಲಾದ ನೀರುಹಕ್ಕಿಗಳಲ್ಲಿ ಆ ವೈರಸ್ಸು ನಿಜವಾಗಿಯೂ ಇರುತ್ತದೆ, ಅವುಗಳ ಜೊತೆಗೆ ದೂರ ಹೋಗುವುದೂ ಉಂಟು. ಅಷ್ಟೇ ನಿಜವಾಗಿ ಅದು ಕೋಳಿ ಸಾಗಿಸುವ ಲಾರಿಗಳಲ್ಲಿ, ಪಂಜರಗಳಲ್ಲಿ, ಮನುಷ್ಯರ ಕಾಲಿನ ಕೆಸರಿನಲ್ಲಿ ಊರಿಂದೂರಿಗೆ ಹೋಗುತ್ತದೆ. ಇದನ್ನೇ ಹೇಳಿದೆ. ಕೋಡಿಯ ಕಲ್ಲಿನ ಮೇಲೆ ಹುಳ ಹೆಕ್ಕುವ ಈ ಸಿಪಿಲೆ ವರದಹಳ್ಳಿಯ ಕೋಳಿಗಳಿಗೆ ಏನು ಮಾಡಿತೆಂದು ಯಾರೂ ತೋರಿಸಿಲ್ಲವೆಂದೂ ಹೇಳಿದೆ. ಯಜಮಾನರಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ಹಕ್ಕಿ ಚಿಕ್ ಚಿಕ್ ಎನ್ನುತ್ತ ಕಲ್ಲಿನಿಂದ ಎದ್ದು, ಅಲೆಯಲೆಯಾಗಿ ಹಾರಿ, ಹೊಂಗೆಯ ಮರಗಳ ಹಿಂದೆ ಹೋಯಿತು.

ಅವರು ಎದ್ದು ಪಂಚೆ ಕೊಡವಿಕೊಂಡರು.

“ಹೋದ್ವರ್ಷ ಎಂದು ಬಂದಿತ್ತು, ಮೇಷ್ಟ್ರೇ?”

ಪುಸ್ತಕ ತೆಗೆದು ನೋಡಿ, ಸೆಪ್ಟೆಂಬರ್ 11 ಎಂದೆ.

“ನಾನು ಬೆಳಗಾಗೆದ್ರೆ ಇಲ್ಲೇ ಇರ್ತೀನಿ. ಮುಂದಿನ ವರ್ಷ ನಿಮಗಿಂತ ಮೊದ್ಲು ನಾನೇ ನೋಡ್ತೀನಿ” ಎಂದು ತೋಟದ ಕಡೆ ನಡೆದರು.